ಸಹಾಯ ಬೇಕು: ‘ಇಂಚರ’ಳ ಜೊತೆಗೆ ಹೊಂದುವ ಹೆಸರು

ಎಲ್ಲರಿಗೂ ನಮಸ್ಕಾರ. ಎರಡನೇ ಮಗುವಿಗೆ ಇನ್ನು ಆರು ವಾರ ಇದೆ, ಹೆಸರು ಮಾತ್ರ ಗೊತ್ತಾಗ್ತಿಲ್ಲ. ದೊಡ್ಡವಳು ಇಂಚರ, ನಾಲ್ಕು ವರ್ಷ. ಇನಿದಾದ ಸರ, ಅಂದ್ರೆ ಇಂಪಾದ ದನಿ ಅಂತ ಅರ್ಥ ನೋಡಿ ಇಟ್ಟಿದ್ದು. (ಈಗ ಕಿರುಚೋದು ಕೇಳಿದ್ರೆ ಯಾರೂ ನಂಬಲ್ಲ.)

ಎರಡನೇದಕ್ಕೂ ಅಚ್ಚಗನ್ನಡದ ಹೆಸರೇ ಇರಲಿ ಅನ್ನೋ ಆಸೆ. ಎಲ್ಲರೂ ಮೊದಲು ಹೇಳೋದು ‘ಸಿಂಚನ’. ಅದು ಸಂಸ್ಕೃತದ್ದು ಅನ್ನೋದು ಹಾಗಿರಲಿ, ಅಸಲಿ ತೊಂದರೆ ಬೇರೆ. ಇವಳನ್ನು ಮನೇಲಿ ಕರೆಯೋದು ‘ಇಂಚು’. ಅವಳು ಸಿಂಚು ಆಗ್ತಾಳೆ. ಬಚ್ಚಲಿಂದ ‘ಇಂಚೂ, ಟವೆಲ್ ತಾ’ ಅಂತ ಕೂಗಿದ್ರೆ ಇಬ್ಬರೂ ಬರ್ತಾರೆ, ಇಲ್ಲಾ ಇಬ್ಬರೂ ಬರಲ್ಲ. ‘ಮಿಂಚು’ ಕೂಡ ಇದೇ ಕಾರಣಕ್ಕೆ ಬಿಟ್ವಿ, ಬೇಜಾರಾಯ್ತು.

‘ಇಬ್ಬನಿ’ ನನಗೆ ತುಂಬಾ ಇಷ್ಟ. ಆದ್ರೆ ಇಬ್ಬರದೂ ‘ಇ’ಯಿಂದಲೇ ಶುರು, ಇನಿಷಿಯಲ್ಲೂ ಒಂದೇ. ಇದು ಮುಂದೆ ನಿಜವಾಗಿಯೂ ಕಿರಿಕಿರಿ ಆಗುತ್ತಾ? ಅನುಭವ ಇರೋರು ಹೇಳಿ.

ಗಂಡಾದ್ರೆ ‘ನೇಸರ’ ಅಂದ್ಕೊಂಡಿದ್ದೀವಿ. ಕೊನೇಲಿ ‘ರ’ ಬಂದು ಪ್ರಾಸ ಕೂಡುತ್ತೆ, ಕೂಗಿದಾಗ ಗೊಂದಲವೂ ಇಲ್ಲ. ನಮ್ಮವರು ಮಾತ್ರ ‘ಪದ್ಯದ ಸಾಲಿನ ಹಾಗಿದೆ’ ಅಂತ ನಗ್ತಾರೆ.

ಹೆಣ್ಣಿಗೆ ಮೂರು ಅಕ್ಷರದೊಳಗೆ, ‘ಇ’ ಮತ್ತು ‘ಂಚ’ ಎರಡೂ ಇಲ್ಲದ ಹೆಸರು ಇದ್ರೆ ತಿಳಿಸಿ. ಅರ್ಥವನ್ನೂ ಬರೀರಿ ಪ್ಲೀಸ್. ಸದ್ಯಕ್ಕೆ ಇಂಚರಳ ಸಲಹೆ ‘ಇಂಚರ ಎರಡು’.