ಪದಚರ್ಚೆ: ‘ಟ್ಯಾಕ್ಟಿಕಲ್ ಟೆಸ್ಟ್ ಪೊಸಿಷನ್’ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಎಲ್ಲರಿಗೂ ನಮಸ್ಕಾರ.

ಚೆಸ್ ಎಂಜಿನ್‌ಗಳನ್ನು (ಚೆಸ್ ಆಡುವ ಪ್ರೋಗ್ರಾಂಗಳನ್ನು) ಪರೀಕ್ಷಿಸುವ ಒಂದು ಸಣ್ಣ ತಂತ್ರಾಂಶವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೆನು, ಬಟನ್, ಸಹಾಯದ ಪುಟ ಎಲ್ಲ ಮುಗಿದಿದೆ. ನಾಲ್ಕು ಪದ ಮಾತ್ರ ಬಗ್ಗುತ್ತಿಲ್ಲ. ನಾಳೆ ಬೆಳಿಗ್ಗೆ ಫೈಲ್ ಕಳಿಸಬೇಕು. ಹಾಗಾಗಿ ಇವತ್ತೇ ಬೇಕು.

ಕೆಲಸ ಇಷ್ಟು. ಕಷ್ಟದ ಪೊಸಿಷನ್‌ಗಳ ಒಂದು ಫೈಲ್ ಇರುತ್ತದೆ. ಒಂದು ಪೊಸಿಷನ್‌ಗೆ ಒಂದು ಸಾಲು. ಯಾವ ಕಾಯಿ ಎಲ್ಲಿದೆ, ಯಾರ ಸರದಿ, ಸರಿಯಾದ ನಡೆ ಯಾವುದು ಅನ್ನುವುದೆಲ್ಲ ಆ ಸಾಲಿನಲ್ಲೇ ಇರುತ್ತದೆ. ಪ್ರತಿಯೊಂದಕ್ಕೂ ಎಂಜಿನ್‌ಗೆ ಇಷ್ಟು ಸೆಕೆಂಡ್ ಅಂತ ಕೊಡುತ್ತೇವೆ. ಅಷ್ಟರಲ್ಲಿ ಆ ನಡೆ ಅದಕ್ಕೆ ಹೊಳೆಯಿತಾ, ಎಷ್ಟು ಹೊತ್ತಿಗೆ ಹೊಳೆಯಿತು ಅಂತ ಲೆಕ್ಕ ಇಡುತ್ತೇವೆ.

ಬೇಕಿರುವ ಪದಗಳು: ಟ್ಯಾಕ್ಟಿಕಲ್ ಪೊಸಿಷನ್, ಟೆಸ್ಟ್ ಸೂಟ್, ಸಾಲ್ವ್ಡ್, ಟೈಮ್ ಟು ಸೊಲ್ಯೂಷನ್.

ಸದ್ಯಕ್ಕೆ ‘ತಂತ್ರ ಸ್ಥಿತಿ’, ‘ಪರೀಕ್ಷಾ ಗುಚ್ಛ’, ‘ಪರಿಹಾರವಾಗಿದೆ’, ‘ಪರಿಹಾರ ಸಮಯ’ ಅಂತ ಹಾಕಿದ್ದೇನೆ. ಓದಿದರೆ ಯಾವುದೋ ಕುಂದುಕೊರತೆ ವಿಭಾಗದ ಪುಟದ ಹಾಗೆ ಕಾಣುತ್ತದೆ. ಬಟನ್ ಚಿಕ್ಕದು, ಎರಡು ಪದಕ್ಕಿಂತ ಜಾಸ್ತಿ ಹಿಡಿಸುವುದಿಲ್ಲ.

-----

> ತಂತ್ರ ಸ್ಥಿತಿ

ಇದು ಬೇಡ. ತಂತ್ರಾಂಶದ ಒಳಗೆ ‘ತಂತ್ರ’ ಅಂತ ಬರೆದರೆ ಎಲ್ಲರಿಗೂ ಹೊಳೆಯುವುದು ತಂತ್ರಜ್ಞಾನದ ತಂತ್ರ. ‘ತಂತ್ರ ಸ್ಥಿತಿ’ ಅಂದರೆ ಕಂಪ್ಯೂಟರ್ ಸರಿಯಾಗಿ ಓಡುತ್ತಿದೆಯಾ ಇಲ್ಲವಾ ಅಂತ ತಿಳಿಸುವ ಕಿಟಕಿ ಅಂದುಕೊಳ್ಳುತ್ತಾರೆ. ಇನ್ನೊಂದು ತೊಡಕೂ ಇದೆ. ಸ್ಟ್ರಾಟಜಿಗೂ ಟ್ಯಾಕ್ಟಿಕ್ಸ್‌ಗೂ ನಾವು ‘ತಂತ್ರ’ ಒಂದನ್ನೇ ಬಳಸಿ ಬಳಸಿ ಅದು ಸವೆದುಹೋಗಿದೆ. ಚೆಸ್‌ನಲ್ಲಿ ಇವೆರಡೂ ಬೇರೆ ಬೇರೆ ಆಗಲೇಬೇಕು.

ಟ್ಯಾಕ್ಟಿಕ್‌ಗೆ ನಮ್ಮಲ್ಲಿ ಚೊಕ್ಕವಾದ ಪದ ಇದೆ: ಪಟ್ಟು. ಕುಸ್ತಿಯಲ್ಲಿ ಪಟ್ಟು ಹಾಕುತ್ತಾರಲ್ಲ, ಅದೇ. ಎರಡೋ ಮೂರೋ ಚಲನೆ, ಎದುರಾಳಿಗೆ ತಪ್ಪಿಸಿಕೊಳ್ಳಲು ದಾರಿ ಇಲ್ಲ. ಫೋರ್ಕ್, ಪಿನ್, ಡಿಸ್ಕವರ್ಡ್ ಚೆಕ್ ಅನ್ನುವ ದಾಳಿಗಳೆಲ್ಲ ಪಟ್ಟುಗಳೇ. ಸ್ಟ್ರಾಟಜಿ, ಅಂದರೆ ದೂರದ ಯೋಜನೆ, ಬೇಕಾದಾಗ ‘ಹೂಟ’ ಅನ್ನಿ.

‘ಪಟ್ಟಿನ ನೆಲೆ’ ಅಂತ ಹಾಕಿ, ಮುಗೀತು.

-----

ಪಟ್ಟು ಗಿಟ್ಟು ಆಮೇಲೆ. ಮೊದಲು ‘ಎಂಜಿನ್’ ಸರಿಮಾಡಿ. ಅದರ ಬೇರು ಲ್ಯಾಟಿನ್‌ನ ‘ಇಂಗೇನಿಯಂ’, ಅಂದರೆ ಹುಟ್ಟುಜಾಣ್ಮೆ. ಉಗಿಬಂಡಿಯ ಸಹವಾಸ ಅದಕ್ಕೆ ಆದದ್ದು ಎಷ್ಟೋ ಕಾಲದ ಮೇಲೆ. ನಮ್ಮಲ್ಲಿ ಜಾಣನಿಗೆ ‘ಚದುರ’ ಅನ್ನುತ್ತೇವೆ. ಆಟದ ಹೆಸರೇ ಚದುರಂಗ, ಚದುರರ ಆಟ. ಹಾಗಾಗಿ ಎಂಜಿನ್ ಅಂದರೆ ‘ಚದುರ’. ಎಂಜಿನ್ ಟೆಸ್ಟ್ ಅಂದರೆ ‘ಚದುರೊರೆ’ (ಒರೆ ಅಂದರೆ ಪರೀಕ್ಷೆ). ಒಂದೇ ಪದದಲ್ಲಿ ಆಟವೂ ಬಂತು, ಜಾಣ್ಮೆಯೂ ಬಂತು. ಎಂಜಿನ್ ಅನ್ನು ‘ಯಂತ್ರ’ ಮಾಡುವವರು ಈ ಬೇರನ್ನು ಒಮ್ಮೆ ನೋಡಲಿ ಅಂತ ಹಿಂದೆಯೂ ಬರೆದಿದ್ದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

-----

> ಆಟದ ಹೆಸರೇ ಚದುರಂಗ, ಚದುರರ ಆಟ.

ಅಲ್ಲ. ಚತುರಂಗ ಅಂದರೆ ಸೇನೆಯ ನಾಲ್ಕು ಅಂಗ: ಆನೆ, ಕುದುರೆ, ರಥ, ಕಾಲಾಳು. ‘ಚತುರ್’ ಬೇರೆ, ‘ಚತುರ’ ಬೇರೆ. ಎರಡೂ ತದ್ಭವದಲ್ಲಿ ಒಂದೇ ಥರ ಕೇಳಿಸುತ್ತವೆ ಅಂತ ಅವು ಒಂದೇ ಮನೆಯವು ಆಗುವುದಿಲ್ಲ.

ಆಯ್ತು, ‘ಚದುರ’ ಅಂತಲೇ ಇಟ್ಟುಕೊಳ್ಳೋಣ. ಹಲವಾರು ಎಂಜಿನ್ ಇದ್ದಾಗ ‘ಚದುರಗಳು’ ಅನ್ನಬೇಕಾ, ‘ಚದುರರು’ ಅನ್ನಬೇಕಾ? ‘ಚದುರಿದೆ’ ಅಂತ ಪರದೆಯಲ್ಲಿ ಬಂದರೆ ಕಾಯಿಗಳೆಲ್ಲ ಚೆಲ್ಲಾಪಿಲ್ಲಿ ಅಂತ ಓದುತ್ತಾರೆ. ಎಂಜಿನ್ ಅನ್ನು ಎಂಜಿನ್ ಆಗಿಯೇ ಬಿಡಿ.

-----

ನಾನು ಎಂಜಿನ್ ಪರೀಕ್ಷೆ ಮಾಡುವವನು. ಪದ ಕಟ್ಟುವವರು ಒಂದು ನಿಮಿಷ ನಿಲ್ಲಿ. ಆ ಕೆಲಸದಲ್ಲಿ ನಿಜಕ್ಕೂ ಏನಾಗುತ್ತದೆ ಅಂತ ಹೇಳುತ್ತೇನೆ. ಅದು ಗೊತ್ತಿಲ್ಲದೆ ಹಾಕಿದ ಪದ ಬಳಕೆದಾರನನ್ನು ದಾರಿ ತಪ್ಪಿಸುತ್ತದೆ.

ಮೊದಲು ‘ಸಾಲ್ವ್ಡ್’. ಎಂಜಿನ್ ಸರಿಯಾದ ನಡೆ ತೋರಿಸಿದ ಮಾತ್ರಕ್ಕೆ ಅದಕ್ಕೆ ಎಲ್ಲ ಅರ್ಥವಾಯಿತು ಅಂತ ಅಲ್ಲ. ಎಷ್ಟೋ ಸಲ ತಪ್ಪು ಕಾರಣಕ್ಕೆ ಸರಿ ನಡೆ ಆರಿಸಿರುತ್ತದೆ. ಕಾಯಿ ಬಲಿ ಕೊಟ್ಟ ಮೇಲೆ ಸಿಗುವ ಗೆಲುವು ಅದಕ್ಕೆ ಕಂಡೇ ಇರುವುದಿಲ್ಲ, ಬೇರೆ ನಡೆಗಳು ಅದಕ್ಕಿಂತ ಕೆಟ್ಟದಾಗಿ ಕಂಡಿರುತ್ತವೆ ಅಷ್ಟೆ. ಆದ್ದರಿಂದ ನಡೆಯ ಜೊತೆಗೆ ಅದು ಕೊಡುವ ಅಂಕವನ್ನೂ (ಯಾರು ಎಷ್ಟು ಮೇಲು ಅನ್ನುವ ಅದರ ಅಂದಾಜು, ಸೊನ್ನೆ ಅಂದರೆ ಸಮಸಮ) ನೋಡಬೇಕು. ಅಂಕ ಸೊನ್ನೆಯ ಸುತ್ತಲೇ ಇದ್ದರೆ ಅದು ಅದೃಷ್ಟ.

‘ಟೈಮ್ ಟು ಸೊಲ್ಯೂಷನ್’ ಇನ್ನೂ ನಾಜೂಕು. ಎಂಜಿನ್ 3ನೇ ಸೆಕೆಂಡಿಗೆ ಸರಿ ನಡೆ ತೋರಿಸಿತು ಅಂದುಕೊಳ್ಳಿ. 9ನೇ ಸೆಕೆಂಡಿಗೆ ಮನಸ್ಸು ಬದಲಿಸಿತು. 20ಕ್ಕೆ ಮತ್ತೆ ಅದೇ ನಡೆಗೆ ಬಂದು ಕೊನೆವರೆಗೂ ಅಲ್ಲೇ ಉಳಿಯಿತು. ಲೆಕ್ಕಕ್ಕೆ ಬರಬೇಕಾದದ್ದು 20. ಹಾಗಾಗಿ ‘ಕಂಡ ಸಮಯ’, ‘ಹೊಳೆದ ಸಮಯ’ ಎರಡೂ ತಪ್ಪು. ‘ಹಿಡಿದ ಸಮಯ’ ಅಂದರೆ ಸರಿ: ಹಿಡಿದು ಬಿಡಲಿಲ್ಲ. ಇದನ್ನು ಅಳೆಯುವಾಗ ಪ್ರತಿ ಪೊಸಿಷನ್‌ಗೂ ಮುಂಚೆ ಎಂಜಿನ್‌ನ ಹ್ಯಾಶ್ (ಆಗಲೇ ಲೆಕ್ಕ ಹಾಕಿದ್ದನ್ನು ನೆನಪಿಡುವ ಜಾಗ) ಖಾಲಿ ಮಾಡಬೇಕು. ಇಲ್ಲದಿದ್ದರೆ ಹಿಂದಿನ ಓಟದ ನೆನಪು ಉತ್ತರ ಹೇಳಿಕೊಡುತ್ತದೆ. ಹಲವು ಥ್ರೆಡ್ (ಒಟ್ಟೊಟ್ಟಿಗೆ ನಡೆಯುವ ಲೆಕ್ಕಾಚಾರಗಳು) ಹಚ್ಚಿದರೆ ಅದೇ ಎಂಜಿನ್, ಅದೇ ಪೊಸಿಷನ್, ಆದರೂ ಒಂದೊಂದು ಸಲ ಒಂದೊಂದು ಸಮಯ ಬರುತ್ತದೆ. ಸಹಾಯದ ಪುಟದಲ್ಲಿ ಇದನ್ನು ಬರೆದಿಲ್ಲ ಅಂದರೆ ಬರೆಯಿರಿ, ದಯವಿಟ್ಟು.

ಇನ್ನು ‘ಪರೀಕ್ಷೆ’. 1982ರಲ್ಲಿ ಕಂಪ್ಯೂಟರ್ ಚೆಸ್ ಸಂಶೋಧಕರಾದ ಬ್ರಾಟ್ಕೊ ಮತ್ತು ಕೊಪೆಕ್ 24 ಪೊಸಿಷನ್‌ಗಳ ಒಂದು ಕಟ್ಟು ಮಾಡಿದರು. ಅದರಲ್ಲಿ ಅರ್ಧ ಪಟ್ಟಿನವು, ಇನ್ನರ್ಧ ಕಾಲಾಳನ್ನು ತಳ್ಳಿ ಎದುರಾಳಿಯ ಕಾಲಾಳು ಸಾಲನ್ನು ಮುರಿಯುವ ನಡೆಗಳವು. ಚೆಸ್ ಲೇಖಕ ಫ್ರೆಡ್ ರೈನ್‌ಫೆಲ್ಡ್ ಪುಸ್ತಕದಿಂದ ತೆಗೆದ 300 ಪೊಸಿಷನ್‌ಗಳ ಕಟ್ಟೂ ಬಹಳ ಕಾಲ ಓಡಾಡಿತು. ಆಗ ಅವು ಎಂಜಿನ್‌ಗೆ ಬೆವರಿಳಿಸುತ್ತಿದ್ದವು. ಈಗ ಹೆಚ್ಚಿನವು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತವೆ. 1998ರ ಲಿನಾರೆಸ್ ಟೂರ್ನಿಯಲ್ಲಿ ಗ್ರ್ಯಾಂಡ್‌ಮಾಸ್ಟರ್ ತೊಪಲೋವ್ ವಿರುದ್ಧ ಶಿರೋವ್ 47ನೇ ನಡೆಯಲ್ಲಿ ಒಂಟೆಯನ್ನು (ಬಿಷಪ್) ಸುಮ್ನೆ ಎಚ್3 ಮನೆಗೆ ಇಟ್ಟು ಬಲಿ ಕೊಟ್ಟರಲ್ಲ, ಅಂಥವು ಬೇಕು. ರಾಜ ನುಗ್ಗಲು ಒಂದು ನಡೆಯ ಬಿಡುವು ಸಿಗಲಿ ಅಂತ ಇಡೀ ಒಂಟೆಯನ್ನೇ ಬಿಟ್ಟದ್ದು. ಅದು ಎಷ್ಟೋ ವರ್ಷ ಎಂಜಿನ್‌ಗಳ ಅಗ್ನಿಪರೀಕ್ಷೆ ಆಗಿತ್ತು. ಜುಗ್‌ಜ್ವಾಂಗ್ (ಯಾವ ನಡೆ ಆಡಿದರೂ ಕೆಡುವ ಸ್ಥಿತಿ) ಇರುವ ಪೊಸಿಷನ್‌ಗಳೂ ಹಾಗೇ. ‘ನನ್ನ ಸರದಿ ಬಿಟ್ಟುಕೊಟ್ಟರೂ ನಾನೇ ಮೇಲು, ಅಂದಮೇಲೆ ಈ ದಾರಿ ನೋಡುವುದು ಬೇಡ’ ಅಂತ ಎಂಜಿನ್ ಕೊಂಬೆ ಕತ್ತರಿಸುತ್ತದೆ. ಜುಗ್‌ಜ್ವಾಂಗ್‌ನಲ್ಲಿ ನಡೆ ಆಡಬೇಕಾಗಿರುವುದೇ ಶಾಪ. ಹಾಗಾಗಿ ಆ ಲೆಕ್ಕ ಅಲ್ಲಿ ತಲೆಕೆಳಗಾಗುತ್ತದೆ.

ಆದರೆ ಇದರಲ್ಲಿ ಜಾಸ್ತಿ ಅಂಕ ತೆಗೆದ ಎಂಜಿನ್ ಆಟದಲ್ಲೂ ಬಲಶಾಲಿ ಅಂತ ತಿಳಿಯಬೇಡಿ. ಸ್ಟಾಕ್‌ಫಿಶ್ ಎಂಜಿನ್ ಬರೆಯುವವರು ಒಂದು ಬದಲಾವಣೆ ಒಪ್ಪಬೇಕಾದರೆ ಹಳೆಯ ಆವೃತ್ತಿಯ ಎದುರು ಸಾವಿರಾರು ಆಟ ಆಡಿಸಿ ನೋಡುತ್ತಾರೆ. 2013ರಿಂದ ಅದಕ್ಕಾಗಿಯೇ ಫಿಶ್‌ಟೆಸ್ಟ್ ಅನ್ನುವ ವ್ಯವಸ್ಥೆ ಇದೆ. ಬಲ ಅಳೆಯುವುದು ಆಟದಿಂದ. ಈ ಕಟ್ಟುಗಳು ಎಂಜಿನ್ ಎಲ್ಲಿ ಕುರುಡು ಅಂತ ಮಾತ್ರ ತೋರಿಸುತ್ತವೆ.

-----

> ‘ಹಿಡಿದ ಸಮಯ’

ಚೆನ್ನಾಗಿದೆ. ‘ಸಮಯ’ ಯಾಕೆ, ‘ಹೊತ್ತು’ ಇಲ್ವಾ?

ಉಳಿದದ್ದರಲ್ಲಿ ‘ಪರೀಕ್ಷೆ’, ‘ಗುಚ್ಛ’, ‘ಸ್ಥಿತಿ’, ‘ಪರಿಹಾರ’ ಒಂದೂ ಕನ್ನಡದ್ದಲ್ಲ. ‘ಗುಚ್ಛ’ ಅಂತ ಬಾಯಿಬಿಟ್ಟು ಹೇಳಿ ನೋಡಿ. ಚಿನ್ನವನ್ನು ಒರೆಗೆ ಹಚ್ಚುವ ನಾಡಿನವರಿಗೆ ‘ಪರೀಕ್ಷೆ’ ಸಾಲ ತರುವ ಗತಿ ಯಾಕೆ ಬಂತು? ಟೆಸ್ಟ್ ಅಂದರೆ ಒರೆ. ಟೆಸ್ಟ್ ಸೂಟ್ ಅಂದರೆ ಒರೆಗಟ್ಟು. ಪೊಸಿಷನ್ ಅಂದರೆ ನೆಲೆ. ಟ್ಯಾಕ್ಟಿಕಲ್ ಟೆಸ್ಟ್ ಪೊಸಿಷನ್ ಅಂದರೆ ‘ಪಟ್ಟಿನೊರೆನೆಲೆ’. ಎರಡು ಪದ ಹಿಡಿಸುವ ಬಟನ್‌ಗೆ ಒಂದೇ ಪದ ಕೊಟ್ಟಿದ್ದೇನೆ.

-----

> ಪಟ್ಟಿನೊರೆನೆಲೆ

ಇದನ್ನು ‘ಪಟ್ಟಿ ನೊರೆ ನೆಲೆ’ ಅಂತ ಓದದ ಒಬ್ಬನನ್ನು ತೋರಿಸಿ. ಸೋಪಿನ ಜಾಹೀರಾತು ಆಗಬಹುದು. ‘ಒರೆ’ ಅಂದರೆ ಕತ್ತಿ ಇಡುವ ಒರೆಯೂ ಹೌದು. ‘ಪಟ್ಟು’ ಒಂದೇ ಅಂದರೂ ಕಷ್ಟವೇ: ಹತ್ತು ಪಟ್ಟು, ನೂರು ಪಟ್ಟು. ಹಟಕ್ಕೂ ಪಟ್ಟು. ಈ ಎಳೆಯಲ್ಲಿ ಆ ಕೊನೆಯ ಅರ್ಥಕ್ಕೆ ಉದಾಹರಣೆ ಬೇಕಾದಷ್ಟಿವೆ.

‘ಪರೀಕ್ಷೆ’ ಶಾಲೆಗೆ ಹೋದ ಪ್ರತಿ ಮಗುವಿಗೂ ಗೊತ್ತು. ಅದು ಯಾವತ್ತೋ ಕನ್ನಡವಾಗಿದೆ. ಚೆಸ್‌ಗೆ ಬಂದು ಸಾಲ ಬೇಡ ಅನ್ನುವುದೇ ತಮಾಷೆ. ‘ಚತುರಂಗ’ ಪರ್ಷಿಯಾಕ್ಕೆ ಹೋಯಿತು, ಅರಬ್ಬಿಯಲ್ಲಿ ‘ಶತರಂಜ್’ ಆಯಿತು, ಅಲ್ಲಿಂದ ಸ್ಪೇನಿನಲ್ಲಿ ‘ಅಹೆದ್ರೆಸ್’ ಆಯಿತು. ‘ಚೆಸ್’, ‘ಚೆಕ್’ ಎರಡೂ ಪರ್ಷಿಯಾದ ‘ಶಾಹ್’ನ ಮೊಮ್ಮಕ್ಕಳು. ಇಂಗ್ಲಿಷಿನವರು ಜುಗ್‌ಜ್ವಾಂಗ್ ಅನ್ನು ಜರ್ಮನ್‌ನಿಂದ, ಆನ್ ಪಾಸಾಂ ಅನ್ನು ಫ್ರೆಂಚ್‌ನಿಂದ, ಫಿಯಾಂಕೆಟ್ಟೊ ಅನ್ನು ಇಟಾಲಿಯನ್‌ನಿಂದ ಹಾಗಾಗೇ ಎತ್ತಿಕೊಂಡಿದ್ದಾರೆ. ಅವರಿಗೆ ಮುಜುಗರ ಆಗಿಲ್ಲ. ನಾವು ‘ಪೊಸಿಷನ್’ ಅಂದರೆ ಆಕಾಶ ಬೀಳುತ್ತದಾ? ಆಡುವವರೆಲ್ಲ ಅದನ್ನೇ ಅನ್ನುತ್ತಾರೆ.

-----

ಇಂಗ್ಲಿಷಿನವರು ಇಟಾಲಿಯನ್ ಪದ ಎತ್ತಿಕೊಂಡರೆ ಅವರ ನುಡಿ ಬೆಳೆಯುತ್ತದೆ. ನಾವು ಎತ್ತಿಕೊಂಡಾಗಲೆಲ್ಲ ನಮ್ಮದೊಂದು ಪದ ಮನೆ ಬಿಟ್ಟು ಹೋಗುತ್ತದೆ. ‘ನಡೆ’ ಉಳಿದಿರುವುದು ಯಾರೋ ಹಟ ಹಿಡಿದು ಬರೆದದ್ದಕ್ಕೆ. ಇಲ್ಲದಿದ್ದರೆ ಇವತ್ತು ಅದೂ ‘ಮೂವ್’ ಆಗಿರುತ್ತಿತ್ತು. ‘ಆಡುವವರೆಲ್ಲ ಅನ್ನುತ್ತಾರೆ’ ಅನ್ನುವುದು ವಾದವಲ್ಲ, ಸೋಮಾರಿತನ.

-----

ಸಾಲದ ಜಗಳಕ್ಕೆ ಬೇರೆ ಎಳೆ ತೆಗೆಯಿರಿ. ಕೇಳಿದವರಿಗೆ ನಾಳೆ ಬೆಳಿಗ್ಗೆ ಬೇಕು.

ನನ್ನ ಎರಡು ಮಾತು. ‘ಚೆಸ್ ಸಮಸ್ಯೆ’ ಬೇಡ. ಅದು ಎರಡು ನಡೆಯಲ್ಲಿ ಮೇಟ್ ಮಾಡಿ ಅನ್ನುವ ಥರದ, ಕೂತು ಹೆಣೆದ ಒಗಟುಗಳಿಗೆ ಆಗಲೇ ಮೀಸಲು. ಮೆನುವಿನಲ್ಲಿ ‘ಸಮಸ್ಯೆ’ ಕಂಡರೆ ತಂತ್ರಾಂಶವೇ ಕೆಟ್ಟಿದೆ ಅಂದುಕೊಳ್ಳುತ್ತಾರೆ. ‘ಟೆಸ್ಟ್ ಸರಣಿ’ಯೂ ಬೇಡ, ಅದು ಕ್ರಿಕೆಟ್. ಸಾಲ್ವ್ಡ್‌ಗೆ ‘ಬಿಡಿಸಿದೆ’ ಇರಲಿ. ಲೆಕ್ಕ ಬಿಡಿಸು, ಒಗಟು ಬಿಡಿಸು ಅಂತ ದಿನಾ ಅನ್ನುತ್ತೇವೆ, ಅಲ್ವಾ?

-----

> ಸಾಲ್ವ್ಡ್‌ಗೆ ‘ಬಿಡಿಸಿದೆ’ ಇರಲಿ

ಒಪ್ಪಿದೆ. ನಾನು ‘ನಡೆ ಸಿಕ್ಕಿತು’ ಅನ್ನೋಣ ಅಂತಿದ್ದೆ, ಆದರೆ ಅದು ಎಲ್ಲ ಸಾಲಿಗೂ ಒಗ್ಗುವುದಿಲ್ಲ. ಫೈಲ್‌ನಲ್ಲಿ ಎರಡು ಬಗೆಯ ಸಾಲು ಇರುತ್ತವೆ. ‘ಬಿಎಂ’ (ಬೆಸ್ಟ್ ಮೂವ್) ಇದ್ದರೆ ಎಂಜಿನ್ ಈ ನಡೆ ಆಡಬೇಕು. ‘ಎಎಂ’ (ಅವಾಯ್ಡ್ ಮೂವ್) ಇದ್ದರೆ ಈ ನಡೆ ಆಡಲೇಬಾರದು. ವಿಷ ಬೆರೆಸಿದ ಕಾಲಾಳನ್ನು ತಿನ್ನದೆ ಬಿಟ್ಟರೆ ಅದೇ ಸರಿ ಉತ್ತರ. ಅಲ್ಲಿ ‘ಸಿಕ್ಕಿತು’ ಅಂದರೆ ಅರ್ಥವೇ ತಿರುಗುಮುರುಗು. ‘ಬಿಡಿಸಿದೆ’ ಎರಡಕ್ಕೂ ಸರಿಹೋಗುತ್ತದೆ.

-----

ಎಲ್ಲರಿಗೂ ಥ್ಯಾಂಕ್ಸ್. ಫೈಲ್‌ಗೆ ಹೀಗೆ ಹಾಕುತ್ತಿದ್ದೇನೆ.

ಮೆನುವಿನಲ್ಲಿ ‘ಪಟ್ಟು ಪರೀಕ್ಷೆ’. ‘ಪಟ್ಟಿನ’ ಅಂದರೆ ‘ಪಟ್ಟಿ’ ಅಂತ ಓದುವವರು ಇರುತ್ತಾರೆ, ಅದಕ್ಕೆ ವಿಭಕ್ತಿ ಬಿಟ್ಟಿದ್ದೇನೆ. ಟೆಸ್ಟ್ ಸೂಟ್‌ಗೆ ‘ಪೊಸಿಷನ್ ಕಟ್ಟು’. ‘ನೆಲೆ’ ಹಾಕಿ ನೋಡಿದೆ. ‘ನೆಲೆ ತೆರೆ’, ‘ನೆಲೆ ಉಳಿಸು’ ಅಂತ ಬಟನ್ ಆಯಿತು. ಮನೆ ಕಟ್ಟಿಸುವವರ ಪುಟದ ಹಾಗೆ ಕಂಡಿತು, ಬಿಟ್ಟೆ. ಫಲಿತಾಂಶಕ್ಕೆ ‘ಬಿಡಿಸಿದೆ’, ‘ಬಿಡಿಸಿಲ್ಲ’. ಸಮಯಕ್ಕೆ ‘ಹಿಡಿದ ಹೊತ್ತು’. ಎಂಜಿನ್ ಹಾಗೇ ಇದೆ. ಹ್ಯಾಶ್ ಖಾಲಿ ಮಾಡುವುದನ್ನೂ, ಥ್ರೆಡ್ ವಿಷಯವನ್ನೂ ಸಹಾಯದ ಪುಟಕ್ಕೆ ಸೇರಿಸಿದ್ದೇನೆ.

‘ಹೊರೈಜನ್ ಎಫೆಕ್ಟ್’ ಒಂದು ಬಾಕಿ ಇದೆ. ಕೆಡುಕು ತನ್ನ ಹುಡುಕಾಟದ ಆಳದಿಂದಾಚೆ ಹೋಗುವವರೆಗೆ ಎಂಜಿನ್ ಸುಮ್ನೆ ಚೆಕ್ ಕೊಡುತ್ತಾ ತಳ್ಳುವುದು, ಆಮೇಲೆ ಕೆಡುಕೇ ಇಲ್ಲ ಅಂದುಕೊಳ್ಳುವುದು. ‘ದಿಗಂತ ಪರಿಣಾಮ’ ಅಂತ ಹಾಕಿದರೆ ಕವನದ ಸಾಲಾಗುತ್ತದೆ. ಅದು ಮುಂದಿನ ವಾರದ ಫೈಲ್‌ನಲ್ಲಿದೆ, ಹೊಸ ಎಳೆಯಲ್ಲಿ ಕೇಳುತ್ತೇನೆ.

-----

> ಎಂಜಿನ್ ಹಾಗೇ ಇದೆ

ಇಂಗೇನಿಯಂ ಬಗ್ಗೆ ಯಾರೂ ಉತ್ತರ ಕೊಡಲಿಲ್ಲ ಅನ್ನುವುದು ದಾಖಲಾಗಲಿ. ಹೊರೈಜನ್‌ಗೆ ‘ಬಾನಂಚು’.