ಲೋಡ್ ಹಾಕಿದರೆ ಪಿಕಪ್ ನಿಲ್ಲುವುದಿಲ್ಲ, ಏನು ನೋಡಿಸಬೇಕು?

ನಮ್ಮದು 2010ರ ಡೀಸೆಲ್ ಪಿಕಪ್. ಮುಂದೆ ಡಿಸ್ಕ್, ಹಿಂದೆ ಡ್ರಮ್. ಮೂಡಿಗೆರೆಯಿಂದ ಶುಂಠಿ, ಬಾಳೆಗೊನೆ ತುಂಬಿಕೊಂಡು ಚಾರ್ಮಾಡಿ ಇಳಿದು ಮಂಗಳೂರಿಗೆ ಹೋಗುತ್ತೇವೆ. ಖಾಲಿ ಇದ್ದಾಗ ಬ್ರೇಕ್ ಪರವಾಗಿಲ್ಲ. ಲೋಡ್ ಇದ್ದರೆ ಪೆಡಲ್ ಮೇಲೆ ನಿಂತರೂ ಗಾಡಿ ಹೋಗುತ್ತಲೇ ಇರುತ್ತದೆ. ಪೆಡಲ್ ಮಾತ್ರ ಕಲ್ಲಿನ ಹಾಗೆ ಗಟ್ಟಿ. ಮುಂದಿನ ಪ್ಯಾಡ್, ಹಿಂದಿನ ಲೈನರ್ ಹೊಸದು ಹಾಕಿಸಿ ಆಯಿತು. ಬ್ರೇಕ್ ಆಯಿಲ್ ಬದಲಿಸಿ ಏರ್ ತೆಗೆಸಿದ್ದೂ ಆಯಿತು. ಈಗ ಗ್ಯಾರೇಜ್‌ನವರು ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಹೋಗಿದೆ ಅನ್ನುತ್ತಿದ್ದಾರೆ. ಹಾಕಿಸಲಾ, ಬೇಡವಾ? ಅನುಭವ ಇದ್ದವರು ಹೇಳಿ.

ಹಾಸನದ ಮೆಕ್ಯಾನಿಕ್:
ಅಣ್ಣ, ಮಾಸ್ಟರ್ ಸಿಲಿಂಡರ್‌ಗೆ ಈಗಲೇ ದುಡ್ಡು ಹಾಕಬೇಡಿ. ಅದರೊಳಗಿನ ರಬ್ಬರ್ ಹೋಗಿದ್ದರೆ ಪೆಡಲ್ ಗಟ್ಟಿ ಇರುವುದಿಲ್ಲ. ಒಂದೇ ಸಮ ಒತ್ತಿ ಹಿಡಿದರೆ ಮೆಲ್ಲಗೆ ಕೆಳಗೆ ಇಳಿಯುತ್ತಾ ಹೋಗುತ್ತದೆ. ಮೆತ್ತಗೆ ಸ್ಪಂಜಿನಂತಿದ್ದರೆ ಏರ್. ಮೊದಲ ಸಲ ಆಳಕ್ಕೆ ಹೋಗಿ, ಎರಡನೇ ಸಲ ಒತ್ತಿದಾಗ ಮೇಲೆ ಬಂದರೆ ಸಾಮಾನ್ಯವಾಗಿ ಹಿಂದಿನ ಶೂ ಅಡ್ಜಸ್ಟ್ ಆಗಿಲ್ಲ ಎಂದರ್ಥ. ನಿಮ್ಮದು ಈ ಮೂರೂ ಅಲ್ಲ. ಗಟ್ಟಿ ಪೆಡಲ್ ಅಂದರೆ ನಾನು ಮೊದಲು ನೋಡುವುದು ಬೂಸ್ಟರ್, ಅಂದರೆ ಕಾಲಿನ ಬಲಕ್ಕೆ ಸಹಾಯ ಕೊಡುವ ಡಬ್ಬಿ, ಮತ್ತು ಅದಕ್ಕೆ ಬರುವ ವ್ಯಾಕ್ಯೂಮ್ (ಗಾಳಿ ಎಳೆದ ನಿರ್ವಾತ).

ಇದನ್ನು ನೀವೇ ಪರೀಕ್ಷೆ ಮಾಡಬಹುದು. ಎಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕೈದು ಸಲ ಒತ್ತಿ. ಒಳಗಿರುವ ವ್ಯಾಕ್ಯೂಮ್ ಖಾಲಿಯಾಗಿ ಪೆಡಲ್ ಗಟ್ಟಿಯಾಗುತ್ತದೆ. ಕಾಲು ಹಾಗೇ ಒತ್ತಿ ಹಿಡಿದು ಸ್ಟಾರ್ಟ್ ಮಾಡಿ. ಸ್ವಲ್ಪ ಹೊತ್ತಿನಲ್ಲೇ ಪೆಡಲ್ ಒಂದಿಷ್ಟು ಕೆಳಗೆ ಜಾರಬೇಕು. ಜಾರಲಿಲ್ಲ ಅಂದರೆ ಸಹಾಯ ಸಿಗುತ್ತಿಲ್ಲ, ನಿಮ್ಮ ಕಾಲಿನ ಬಲದಲ್ಲಷ್ಟೇ ಗಾಡಿ ನಿಲ್ಲುತ್ತಿದೆ.

ಪೆಟ್ರೋಲ್ ಎಂಜಿನ್‌ನಲ್ಲಿ ವ್ಯಾಕ್ಯೂಮ್ ಇಂಟೇಕ್‌ನಿಂದಲೇ ಸಿಗುತ್ತದೆ. ಡೀಸೆಲ್‌ಗೆ ಬೇರೆ ಪಂಪ್ ಬೇಕು. ನಮ್ಮ ಕಡೆಯ ಎಷ್ಟೋ ಹಳೆ ಪಿಕಪ್‌ಗಳಲ್ಲಿ ಅದು ಆಲ್ಟರ್ನೇಟರ್‌ನ ಬೆನ್ನಿಗೇ ಇರುತ್ತದೆ. ಹಾಗಿದ್ದರೆ ಬೆಲ್ಟ್ ಸಡಿಲವಾದಾಗ ಚಾರ್ಜಿಂಗ್ ಜೊತೆ ಬ್ರೇಕೂ ಸೊರಗುತ್ತದೆ. ಪಂಪ್‌ನಿಂದ ಬೂಸ್ಟರ್‌ಗೆ ಹೋಗುವ ಹೋಸನ್ನು ಕೈಯಲ್ಲಿ ಬಗ್ಗಿಸಿ ನೋಡಿ. ಎಂಜಿನ್ ಬಿಸಿಗೆ ಒಣಗಿ ಬಿರುಕು ಬಿಟ್ಟಿರುತ್ತದೆ. ಕ್ಲಿಪ್ ಕೆಳಗಿನ ಜಾಗ ಬಿಡಬೇಡಿ, ಬಿರುಕು ಇರುವುದು ಹೆಚ್ಚಾಗಿ ಅಲ್ಲೇ. ಆ ದಾರಿಯಲ್ಲೇ ವ್ಯಾಕ್ಯೂಮ್ ಹಿಡಿದಿಡುವ ಒಂದು ನಾನ್-ರಿಟರ್ನ್ ವಾಲ್ವ್ ಇದೆ. ಎಂಜಿನ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಪೆಡಲ್ ಒತ್ತಿ. ಮೊದಲ ಒಂದೆರಡು ಸಲ ಹಗುರ ಇರಬೇಕು. ಮೊದಲನೆಯದೇ ಗಟ್ಟಿ ಅಂದರೆ ವ್ಯಾಕ್ಯೂಮ್ ಎಲ್ಲೋ ಸೋರಿ ಹೋಗುತ್ತಿದೆ. ಪೆಡಲ್ ಒತ್ತಿ ಹಿಡಿದಷ್ಟು ಹೊತ್ತೂ ಕಾಲಿನ ಹತ್ತಿರ ಬುಸ್ ಅನ್ನುತ್ತಿದ್ದರೆ ಬೂಸ್ಟರ್ ಒಳಗಿನ ಡಯಾಫ್ರಮ್ ಹರಿದಿದೆ.

ಶಿರಸಿಯಿಂದ, ಅಡಿಕೆ ಲೋಡ್ ಹೊಡೆಯುವವರು:
ಮೇಲೆ ಹೇಳಿದ್ದು ಸರಿ. ಆದರೆ ಖಾಲಿ ಇದ್ದಾಗ ಪರವಾಗಿಲ್ಲ, ಲೋಡ್ ಇದ್ದಾಗ ಮಾತ್ರ ಇಲ್ಲ ಅಂದಿರಲ್ಲ? ಒಂದು ಮಾತು ಕೇಳುತ್ತೇನೆ. ಹಿಂದಿನ ಚಕ್ರದ ಕಮಾನಿಗೆ (ಪ್ಲೇಟ್ ಸ್ಪ್ರಿಂಗಿಗೆ) ಎಕ್ಸ್‌ಟ್ರಾ ಪ್ಲೇಟ್ ಹಾಕಿಸಿದ್ದೀರಾ?

ಗಾಡಿ ಕೆಳಗೆ ಬಗ್ಗಿ ನೋಡಿ. ಚಾಸಿಗೆ ಒಂದು ವಾಲ್ವ್, ಅದರಿಂದ ಹಿಂದಿನ ಆಕ್ಸಲ್‌ಗೆ ಒಂದು ಸ್ಪ್ರಿಂಗ್ ಅಥವಾ ಸರಳು ಇದ್ದರೆ ಅದೇ ಎಲ್‌ಎಸ್‌ಪಿವಿ. ಲೋಡ್ ಬಿದ್ದು ಚಾಸಿ ತಗ್ಗಿದರೆ ಹಿಂದಿನ ಬ್ರೇಕ್‌ಗೆ ಜಾಸ್ತಿ ಪ್ರೆಷರ್ ಬಿಡುತ್ತದೆ, ಖಾಲಿ ಇದ್ದರೆ ಕಡಿಮೆ ಮಾಡುತ್ತದೆ. ಎಕ್ಸ್‌ಟ್ರಾ ಪ್ಲೇಟ್ ಹಾಕಿದರೆ ಲೋಡ್ ಬಿದ್ದರೂ ಚಾಸಿ ತಗ್ಗುವುದಿಲ್ಲ. ಗಾಡಿ ಖಾಲಿ ಇದೆ ಅಂತಲೇ ವಾಲ್ವ್ ತಿಳಿದುಕೊಳ್ಳುತ್ತದೆ. ಅಷ್ಟೂ ಭಾರ ಮುಂದಿನ ಡಿಸ್ಕ್ ಮೇಲೆ. ಮುಂದಿನ ಪ್ಯಾಡ್ ಬೇಗ ಬೇಗ ಸವೆದು, ಹಿಂದಿನ ಲೈನರ್ ವರ್ಷಗಟ್ಟಲೆ ಹೊಸದರಂತೆ ಇದ್ದರೆ ಇದೇ ಕಥೆ. ಕಮಾನು ಕೆಲಸ ಮಾಡುವವರು ಈ ವಾಲ್ವ್ ಸುದ್ದಿಗೆ ಹೋಗುವುದಿಲ್ಲ, ಬ್ರೇಕ್ ಕೆಲಸದವರು ಕಮಾನು ನೋಡುವುದಿಲ್ಲ. ನಡುವೆ ಸಿಕ್ಕಿಕೊಳ್ಳುವವರು ನಾವು.

ಕೆಲವು ಕಡೆ ಆ ಸರಳನ್ನು ತಂತಿಯಿಂದ ಎಳೆದು ಕಟ್ಟಿ ವಾಲ್ವನ್ನು ಪೂರ್ತಿ ತೆರೆದು ಬಿಡುತ್ತಾರೆ. ಅದಕ್ಕೆ ಒಪ್ಪಬೇಡಿ. ಮಳೆಗಾಲದಲ್ಲಿ ಖಾಲಿ ಬರುವಾಗ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಅಡ್ಡ ತಿರುಗುತ್ತದೆ. ಆ ಗಾಡಿಗೆ ಕೊಟ್ಟಿರುವ ಅಳತೆಗೇ ಸೆಟ್ ಮಾಡಿಸಬೇಕು. ನನ್ನ ಕೇಳಿದರೆ ಪ್ಲೇಟೇ ತೆಗೆಸಿ, ಲೋಡ್ ಕಡಿಮೆ ಮಾಡಿ ಅನ್ನುತ್ತೇನೆ.

ಪುತ್ತೂರಿನ ಚಾಲಕರು:
ಘಾಟಿಯಲ್ಲಿ ಡೀಸೆಲ್ ಉಳಿಸಲು ಎಂಜಿನ್ ಆಫ್ ಮಾಡಿ ಇಳಿಸುವವರನ್ನು ಈಗಲೂ ನೋಡುತ್ತೇನೆ. ಎಂಜಿನ್ ನಿಂತರೆ ವ್ಯಾಕ್ಯೂಮ್ ಪಂಪೂ ನಿಲ್ಲುತ್ತದೆ. ಒಂದೆರಡು ಸಲ ಬ್ರೇಕ್ ಒತ್ತುವಷ್ಟರಲ್ಲಿ ಸಹಾಯ ಖಾಲಿ. ನ್ಯೂಟ್ರಲ್ ಕೂಡ ಬೇಡ. ಇಳಿಜಾರು ಶುರುವಾಗುವ ಮೊದಲೇ ಎರಡನೇ ಗೇರ್‌ಗೆ ಹಾಕಿ. ಲೈನರ್ ಸುಟ್ಟ ವಾಸನೆ ಬಂದರೆ ಬದಿಗೆ ನಿಲ್ಲಿಸಿ ತಣ್ಣಗಾಗಲು ಬಿಡಿ, ನೀರು ಸುರಿಯಬೇಡಿ.

ಇನ್ನೊಂದು, ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ತೇವ ಸೇರಿದ ಮೇಲೆ ಆ ಲೆಕ್ಕ 140ಕ್ಕೆ ಇಳಿಯುತ್ತದೆ. ಘಾಟಿಯ ಬಿಸಿಗೆ ಒಳಗೇ ಕುದಿದು ಗುಳ್ಳೆ ಬಂದರೆ ಪೆಡಲ್ ಸೀದಾ ನೆಲಕ್ಕೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಅರ್ಧ ಉಳಿದ ಹಳೆ ಡಬ್ಬಿಯದು ಬೇಡ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಪ್ಲೇಟ್ ಹಾಕಿಸಿದ್ದು ನಿಜ, ಎರಡೂ ಕಡೆ ಇದೆ. ವಾಲ್ವ್ ಸರಳು ತುಕ್ಕು ಹಿಡಿದು ಅಲುಗಾಡುತ್ತಲೇ ಇಲ್ಲ. ಸ್ಟಾರ್ಟ್ ಮಾಡಿದಾಗ ಪೆಡಲ್ ಜಾರಿದ್ದು ಇದೆಯೋ ಇಲ್ಲವೋ ಅನ್ನುವಷ್ಟು. ಹೋಸ್‌ನ ತುದಿಯಲ್ಲಿ ಬಿರುಕೂ ಸಿಕ್ಕಿತು. ಎಡಗಡೆ ಹಿಂದಿನ ಡ್ರಮ್ ಹತ್ತಿರ ಎಣ್ಣೆ ಕಾಣುತ್ತದೆ, ಇದೇನು?

ಹಾಸನದ ಮೆಕ್ಯಾನಿಕ್:
ಡ್ರಮ್ ಬಿಚ್ಚಿಸಿ. ದಪ್ಪಗೆ ಕಪ್ಪಗೆ ಗೇರ್ ಆಯಿಲ್ ವಾಸನೆ ಇದ್ದರೆ ಹಬ್‌ನ ಆಯಿಲ್ ಸೀಲ್ ಹೋಗಿದೆ. ತೆಳ್ಳಗಿದ್ದರೆ ಅದು ಬ್ರೇಕ್ ಆಯಿಲ್, ಡ್ರಮ್ ಒಳಗೆ ಶೂ ತಳ್ಳುವ ವೀಲ್ ಸಿಲಿಂಡರ್ ಸೋರಿಕೆ. ಯಾವುದಾದರೂ ಸರಿ, ಎಣ್ಣೆ ಕುಡಿದ ಲೈನರನ್ನು ಪೆಟ್ರೋಲ್‌ನಲ್ಲಿ ತೊಳೆದು ಉಜ್ಜಿ ಮತ್ತೆ ಹಾಕುವುದು ಬೇಡ, ಬಿಸಿಯಾದರೆ ಎಣ್ಣೆ ಮತ್ತೆ ಹೊರಗೆ ಬರುತ್ತದೆ. ಹೊಸದಾದರೂ ಎರಡೂ ಕಡೆಯದ್ದು ಬದಲಿಸಿ, ಒಂದೇ ಕಡೆ ಬದಲಿಸಿದರೆ ಗಾಡಿ ಎಳೆಯುತ್ತದೆ. ಲೈನರ್ ಪುಡಿಯನ್ನು ಏರ್ ಹೊಡೆದು ಹಾರಿಸಲು ಬಿಡಬೇಡಿ, ಹಳೆಯದರಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಲಿ.

ಕೆಲಸದ ಕ್ರಮ ಹೀಗಿರಲಿ. ಮೊದಲು ಹೋಸ್, ಅದಕ್ಕೆ ಖರ್ಚು ಕಡಿಮೆ. ಹಾಕಿದ ಮೇಲೆ ಪೆಡಲ್ ಪರೀಕ್ಷೆ ಇನ್ನೊಮ್ಮೆ ಮಾಡಿ. ಆಗಲೂ ಜಾರದಿದ್ದರೆ ಪಂಪ್‌ಗೆ ಗೇಜ್ ಹಾಕಿಸಿ. ಆಮೇಲೆ ಸೀಲ್, ಲೈನರ್, ವಾಲ್ವ್. ವೀಲ್ ಸಿಲಿಂಡರ್ ಅಥವಾ ವಾಲ್ವ್ ಬಿಚ್ಚಿದರೆ ಏರ್ ಮತ್ತೆ ತೆಗೆಯಬೇಕು. ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಎಲ್‌ಎಸ್‌ಪಿವಿ ಮೇಲೂ ಏರ್ ಬಿಡುವ ನಿಪ್ಪಲ್ ಇದ್ದರೆ ಅದನ್ನು ಮರೆಯಬೇಡಿ. ಅಲ್ಲಿಯವರೆಗೆ ಲೋಡ್ ಹಾಕಿ ಘಾಟಿ ಇಳಿಯಬೇಡಿ ಅಣ್ಣ, ಶುಂಠಿಗೆ ಬೇರೆ ಗಾಡಿ ಬಾಡಿಗೆಗೆ ಸಿಗುತ್ತದೆ.