ಅಪ್‌ಡೇಟ್: ಕ್ರೂಸ್ ಬಂದರುಗಳಲ್ಲಿ ನೆನಪಿನ ಮುದ್ರೆ ಸಿಕ್ಕಿತು!

ದಕ್ಷಿಣ ಅಮೆರಿಕದ ಕ್ರೂಸ್‌ನಲ್ಲಿ ಪ್ರತಿ ಬಂದರಿನ ಮುದ್ರೆ ಪಾಸ್‌ಪೋರ್ಟ್‌ಗೆ ಹಾಕಿಸೋದು ಹೇಗೆ ಅಂತ ಕೇಳಿದ್ದೆ ಅಲ್ವಾ? ನಿನ್ನೆ ವಾಪಸ್ ಬಂದೆ.

ಮೊದಲು ಹಡಗಿನ ರಿಸೆಪ್ಷನ್‌ನಲ್ಲಿ ಕೇಳಿ ಅಂದಿದ್ದಿರಿ. ಪ್ರಯೋಜನ ಆಗಲಿಲ್ಲ. ಎಲ್ಲರ ಪಾಸ್‌ಪೋರ್ಟ್‌ಗಳೂ ಹಡಗಿನವರ ಹತ್ತಿರವೇ ಇದ್ದವು, ವಲಸೆ ಕೆಲಸವನ್ನೆಲ್ಲ ಒಟ್ಟಿಗೆ ಅವರೇ ಮುಗಿಸುತ್ತಾರೆ. ಬಂದರಿನ ಗೇಟಿನಲ್ಲಿದ್ದ ಅಧಿಕಾರಿ ನಕ್ಕು, ಆಗಲ್ಲ ಅಂತ ಕೈಯಾಡಿಸಿದರು, ಅಷ್ಟೇ.

ಕೆಲಸ ಮಾಡಿದ್ದು ಪ್ರವಾಸಿ ಮಾಹಿತಿ ಕಚೇರಿಗೆ ಹೋಗಿ ಅನ್ನೋ ಸಲಹೆ. ಅರ್ಜೆಂಟೀನಾದ ದಕ್ಷಿಣ ತುದಿಯ ಊರು ಉಶುವಾಯಾದಲ್ಲಿ 'ಜಗತ್ತಿನ ತುದಿ' ಮುದ್ರೆ ಹಾಕಿಕೊಟ್ಟರು! ಆದರೆ ಪಾಸ್‌ಪೋರ್ಟ್‌ನಲ್ಲಿ ಅಲ್ಲ, ಪುಟ್ಟ ನೋಟ್‌ಬುಕ್‌ನಲ್ಲಿ. ಅದೇ ಒಳ್ಳೆಯದಾಯಿತು. ಇಂಥ ಮುದ್ರೆ ಸರ್ಕಾರದ ಅಧಿಕೃತ ಮುದ್ರೆ ಅಲ್ಲ. ಪಾಸ್‌ಪೋರ್ಟ್‌ನಲ್ಲಿ ಇದ್ದರೆ ಮುಂದೆ ಯಾವುದೋ ದೇಶದ ಗಡಿಯಲ್ಲಿ ಅಥವಾ ವಿಮಾನ ಹತ್ತುವಾಗ ತಕರಾರು ಬರಬಹುದು. ಪೆರುವಿನ ಪ್ರಾಚೀನ ತಾಣ ಮಾಚು ಪಿಚುವಿನ ಮುದ್ರೆಯಿಂದ ಕೆಲವರಿಗೆ ಹಾಗೇ ಆಗಿದೆಯಂತೆ. ಸುಮ್ನೆ ಯಾಕೆ ರಿಸ್ಕ್?

ಫಾಕ್‌ಲ್ಯಾಂಡ್ ದ್ವೀಪಗಳ ಸ್ಟ್ಯಾನ್ಲಿ ಊರಿನಲ್ಲಿ ಅಂಚೆ ಕಚೇರಿಗೆ ಹೋಗಿ, ನನಗೇ ಒಂದು ಕಾರ್ಡ್ ಬರೆದು ಹಾಕಿದೆ. ಅಂಚೆ ಮುದ್ರೆಯಲ್ಲಿ ಊರು, ದಿನಾಂಕ ಎರಡೂ ಇರುತ್ತವೆ. ಇದು ಯಾರೂ ಹೇಳಿರದ ಉಪಾಯ, ನನಗಂತೂ ಇದೇ ಜಾಸ್ತಿ ಇಷ್ಟ. ಕಾರ್ಡ್ ಇನ್ನೂ ದಾರಿಯಲ್ಲಿದೆ!